ಕ್ಲಿನಿಕ್ಕಿನ ಎರಡು ಕೇಸು, ಡಿಫೆಂಡರ್ ಆಫೀಸಿನ ರಾಶಿ ಫೈಲು

ಅಮೆರಿಕದಲ್ಲಿ ಲಾ ಓದುವಾಗ ಕ್ರಿಮಿನಲ್ ಡಿಫೆನ್ಸ್ ಕೆಲಸ ಕಲಿಯಲು ನನ್ನ ಮುಂದೆ ಎರಡು ದಾರಿ ಇದ್ದವು. ಒಂದು, ಕಾಲೇಜಿನದೇ ಡಿಫೆನ್ಸ್ ಕ್ಲಿನಿಕ್, ಅಂದರೆ ವಿದ್ಯಾರ್ಥಿಗಳೇ ಮೇಷ್ಟ್ರ ಉಸ್ತುವಾರಿಯಲ್ಲಿ ಆರೋಪಿಗಳ ನಿಜವಾದ ಕೇಸು ನಡೆಸುವ ಕೋರ್ಸು. ಇನ್ನೊಂದು, ಪಬ್ಲಿಕ್ ಡಿಫೆಂಡರ್ ಆಫೀಸಿನಲ್ಲಿ ಇಂಟರ್ನ್‌ಶಿಪ್. ವಕೀಲರಿಗೆ ಫೀಸು ಕೊಡಲಾಗದ ಆರೋಪಿಗಳ ಪರ ಸರ್ಕಾರದ ಖರ್ಚಿನಲ್ಲಿ ವಾದಿಸುವ ಕಚೇರಿ ಅದು. ಮೊದಲು ಒಂದು ಸೆಮಿಸ್ಟರ್ ಕ್ಲಿನಿಕ್ ಮಾಡಿದೆ, ಆಮೇಲೆ ಬೇಸಿಗೆ ಪೂರ್ತಿ ಆಫೀಸಿನಲ್ಲಿದ್ದೆ. ಮೂಟ್ ಕೋರ್ಟ್, ಅಂದರೆ ಅಣಕು ಕೋರ್ಟಿನ ವಾದದ ಸ್ಪರ್ಧೆಯೂ ಒಂದು ದಾರಿ ಅಂತ ಕೆಲವರು ಹೇಳುತ್ತಾರೆ. ಅಲ್ಲಿ ಕಕ್ಷಿದಾರರೇ ಇರುವುದಿಲ್ಲ, ಬಿಡಿ.

ಕ್ಲಿನಿಕ್‌ನಲ್ಲಿ ನನ್ನ ಪಾಲಿಗೆ ಬಂದದ್ದು ಎರಡೇ ಕೇಸು. ಎರಡೂ ಮಿಸ್‌ಡಿಮೀನರ್, ಅಂದರೆ ಸಾಮಾನ್ಯವಾಗಿ ಒಂದು ವರ್ಷಕ್ಕಿಂತ ಜಾಸ್ತಿ ಜೈಲು ಬೀಳದ ಸಣ್ಣ ಅಪರಾಧ. ಇನ್ನೂ ಪಾಸಾಗದ ವಿದ್ಯಾರ್ಥಿ ಕೋರ್ಟಿನಲ್ಲಿ ಎದ್ದು ಮಾತಾಡಬಹುದಾ? ಮಾತಾಡಬಹುದು. ಅದಕ್ಕೆಂದೇ ಸ್ಟೂಡೆಂಟ್ ಪ್ರಾಕ್ಟೀಸ್ ರೂಲ್ ಇದೆ. ಕಕ್ಷಿದಾರರು ಬರೆದು ಒಪ್ಪಿಗೆ ಕೊಡಬೇಕು, ಲೈಸೆನ್ಸ್ ಇರುವ ವಕೀಲರೊಬ್ಬರು ಪಕ್ಕದಲ್ಲಿರಬೇಕು. ನನ್ನ ಪಕ್ಕದಲ್ಲಿದ್ದದ್ದು ನಮ್ಮ ಮೇಡಂ. ನಾನು ತಡವರಿಸಿದರೂ ಅವರು ಬಾಯಿ ಹಾಕುತ್ತಿರಲಿಲ್ಲ. ಆ ಮೌನಕ್ಕೆ ಹೆದರಿಯೇ ಅರ್ಧ ಕಲಿತೆ.

ಮೊದಲನೆಯದು ಅಂಗಡಿ ಕಳ್ಳತನದ ಕೇಸು. ಮಗುವಿನ ತಳ್ಳುಗಾಡಿಯ ಕೆಳಗೆ ಬಿಲ್ ಆಗದ ಒಂದು ಜೋಡಿ ಬೂಟು ಸಿಕ್ಕಿತ್ತು. 'ಆರೋಪಿ ಕ್ಷಮೆ ಕೇಳಿದರು' ಅಂತ ಪೊಲೀಸ್ ವರದಿಯಲ್ಲಿತ್ತು. ಓದಿದರೆ ತಪ್ಪೊಪ್ಪಿಗೆಯ ಹಾಗೇ ಕಾಣುತ್ತದೆ, ಅಲ್ವಾ? ಪೊಲೀಸರ ಎದೆಗೆ ಸಿಕ್ಕಿಸಿದ ಕ್ಯಾಮೆರಾದ ವಿಡಿಯೊ ತರಿಸಿ ಮತ್ತೆ ಮತ್ತೆ ನೋಡಿದೆ. ನಮ್ಮ ಕಕ್ಷಿದಾರೆ ಹೇಳಿದ್ದು, "ಸಾರಿ, ಅದು ಅಲ್ಲಿರೋದು ನೋಡಲೇ ಇಲ್ಲ." ವರದಿಗೆ ಬಂದದ್ದು ಮೊದಲ ಪದ ಮಾತ್ರ. ಮಗು ಅಳುತ್ತಿದ್ದುದರಿಂದ ಉಳಿದದ್ದು ಕೇಳಲು ನನಗೂ ನಾಲ್ಕೈದು ಸಲ ಬೇಕಾಯಿತು. ಕೊನೆಗೆ ಪ್ರಾಸಿಕ್ಯೂಟರ್ ಕೇಸು ಕೈಬಿಟ್ಟರು.

ಆಫೀಸಿನಲ್ಲಿ ಅಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ವಕೀಲರನ್ನು ಕೊಡದೆ ಸಣ್ಣ ಕೇಸಿನಲ್ಲೂ ಬಡವರನ್ನು ಜೈಲಿಗೆ ಹಾಕುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿತು. ಎಷ್ಟು ಹೊತ್ತು ಕೊಡಬೇಕು ಅಂತ ಹೇಳಲಿಲ್ಲ. 1973ರಲ್ಲಿ ಒಂದು ರಾಷ್ಟ್ರೀಯ ಆಯೋಗ ಒಬ್ಬ ವಕೀಲರಿಗೆ ವರ್ಷಕ್ಕೆ 400 ಮಿಸ್‌ಡಿಮೀನರ್ ಕೇಸಿನ ಮಿತಿಯನ್ನು ಶಿಫಾರಸು ಮಾಡಿತು. ವರ್ಷಕ್ಕೆ 2,080 ಗಂಟೆ ದುಡಿದರೂ ಒಂದು ಕೇಸಿಗೆ ಸಿಗುವುದು ಐದು ಗಂಟೆ ಚಿಲ್ಲರೆ. ನಾನು ಆ ಒಂದು ವಿಡಿಯೊ ಮುಂದೆ ಕೂತದ್ದೇ ಅದಕ್ಕಿಂತ ಜಾಸ್ತಿ.

ಇಷ್ಟು ಕೇಳಿದರೆ ಕ್ಲಿನಿಕ್ಕೇ ಮೇಲು ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು, ಆಫೀಸಿನ ಮೊದಲ ಸೋಮವಾರದ ತನಕ. ಕೋರ್ಟಿನ ಹಿಂದಿನ ಲಾಕಪ್‌ನಲ್ಲಿ ನಮ್ಮ ಸೀನಿಯರ್ ಒಬ್ಬೊಬ್ಬರ ಜೊತೆ ಐದೋ ಆರೋ ನಿಮಿಷ ಮಾತಾಡಿದರು. ದನಿ ತಗ್ಗಿಸಿ ಕೇಳುತ್ತಿದ್ದ ಮೊದಲ ಪ್ರಶ್ನೆಗಳಲ್ಲೇ ಒಂದು, "ಹುಟ್ಟಿದ್ದು ಯಾವ ದೇಶದಲ್ಲಿ?" ನನಗೆ ಹೊಟ್ಟೆಯಲ್ಲಿ ಕಸಿವಿಸಿ. ಬೂಟಿನ ಕೇಸಿನಲ್ಲಿ ಅದನ್ನು ನಾನು ಕೇಳಿದ್ದು ಮೂರನೇ ಭೇಟಿಯಲ್ಲಿ! ಮೊದಲು ನಂಬಿಕೆ ಬೆಳೆಯಲಿ ಅಂತ ಸುಮ್ನೆ ಕಾಯುತ್ತಿದ್ದೆ. ಆಕೆ ಗ್ರೀನ್ ಕಾರ್ಡ್ ಮೇಲೆ ಇದ್ದವರು. ಅಷ್ಟರಲ್ಲಾಗಲೇ ಪ್ರಾಸಿಕ್ಯೂಟರ್ ಕಡೆಯಿಂದ ಒಂದು ಆಫರ್ ಬಂದಿತ್ತು: ತಪ್ಪೊಪ್ಪಿಕೊಂಡರೆ ಬರೀ ದಂಡ, ಜೈಲಿಲ್ಲ. ಕೇಳಲು ಸಿಹಿ. ಆದರೆ ಕಳ್ಳತನದ ತಪ್ಪೊಪ್ಪಿಗೆ ವಲಸಿಗರನ್ನು ಗಡಿಪಾರಿನ ತನಕ ಎಳೆಯಬಹುದು. ಆ ಅಪಾಯವನ್ನು ಕಕ್ಷಿದಾರರಿಗೆ ತಿಳಿಸುವುದು ವಕೀಲರ ಕೆಲಸ ಅಂತ ಸುಪ್ರೀಂ ಕೋರ್ಟಿನ 2010ರ ಪಡಿಲ್ಲಾ ತೀರ್ಪು ಹೇಳಿದೆ. ಆಕೆ ಆ ಆಫರ್‌ಗೆ ಹೂಂ ಅನ್ನದೆ ಇದ್ದದ್ದು ಪುಣ್ಯ. ನನ್ನ ಜಾಣತನ ಅದರಲ್ಲಿ ಏನೂ ಇಲ್ಲ.

ಕ್ಲಿನಿಕ್ಕಿನ ಇನ್ನೊಂದು ತೊಂದರೆ ನನಗೆ ಕಾಣಿಸಿದ್ದು ಎರಡನೇ ಕೇಸಿನಲ್ಲಿ. ಲೈಸೆನ್ಸ್ ಅಮಾನತಾಗಿದ್ದಾಗ ಗಾಡಿ ಓಡಿಸಿದ ಕೇಸು. ನನಗೆ ಟ್ರಯಲ್ ಮಾಡುವ ಹುರುಪು, ಪಾಟಿಸವಾಲಿನ ಪ್ರಶ್ನೆಗಳೂ ತಯಾರು. ಆ ಕಕ್ಷಿದಾರರು ಗೋದಾಮಿನಲ್ಲಿ ಗಂಟೆ ಲೆಕ್ಕದಲ್ಲಿ ದುಡಿಯುವವರು. ನನ್ನ ಒಂದೊಂದು ಭೇಟಿಗೂ ಅವರ ಅರ್ಧ ದಿನದ ಕೂಲಿ ಹೋಗುತ್ತಿತ್ತು. ಐದನೇ ಸಲ ಬಂದಾಗ, "ಇನ್ನೆಷ್ಟು ಸಲ ಬರಬೇಕು?" ಅಂದರು. ಗುಣಾಕಾರ ಮಾಡಿದರೆ ನನ್ನ ಶ್ರದ್ಧೆಯ ಬಿಲ್ಲು ದಂಡವನ್ನು ದಾಟಿತ್ತು. ತಪ್ಪೊಪ್ಪಿಕೊಳ್ಳುವುದೋ ಬೇಡವೋ ಅನ್ನುವ ತೀರ್ಮಾನ ಕಕ್ಷಿದಾರರದೇ. ಅವರು ಒಪ್ಪಿಕೊಂಡು, ದಂಡ ಕಟ್ಟಿ, ಅವತ್ತೇ ರಾತ್ರಿ ಪಾಳಿಗೆ ಹೋದರು. ನನ್ನ ಪ್ರಶ್ನೆಗಳು ಫೈಲಿನಲ್ಲೇ ಉಳಿದವು.

ಹಾಗಂತ ಆಫೀಸನ್ನು ಹೊಗಳಿ ಅಟ್ಟಕ್ಕೇರಿಸುವುದಿಲ್ಲ. ಅಲ್ಲಿ ನಾನು ನೋಡಿದ್ದು ಜಾಸ್ತಿ, ಮಾಡಿದ್ದು ಕಮ್ಮಿ. ಜಾಮೀನಿನ ವಾದ ಕೇಳಿ ಕೇಳಿ ಬಾಯಿಪಾಠವಾಯಿತು, ಆದರೆ ಎದ್ದು ನಿಂತದ್ದು ಎರಡು ಸಲ ಅಷ್ಟೇ. ಯಾವ ಕೇಸು ಏನಾಯಿತು ಅಂತ ಕೊನೆಯ ತನಕ ನೋಡುವ ಅವಕಾಶವೂ ಸಿಗಲಿಲ್ಲ. ಬೂಟಿನ ವಿಡಿಯೊದಂಥದ್ದು ಅಲ್ಲಿ ಎಷ್ಟು ಫೈಲಿನಲ್ಲಿ ಯಾರೂ ನೋಡದೆ ಉಳಿದಿತ್ತೋ.

ಜೂನಿಯರ್‌ಗಳು ಕೇಳಿದರೆ ಮೊದಲು ಕ್ಲಿನಿಕ್ ಮಾಡಿ ಅನ್ನುತ್ತೇನೆ. ಆಫೀಸಿನ ಓಟಕ್ಕೆ ಮೊದಲೇ ಒಗ್ಗಿಕೊಂಡರೆ ಒಂದು ವಿಡಿಯೊವನ್ನು ಐದನೇ ಸಲ ನೋಡುವ ತಾಳ್ಮೆ ಬರುವುದು ಕಷ್ಟ. ಆದರೆ ಮೊದಲ ಭೇಟಿಯ ಹಾಳೆಯ ತುದಿಯಲ್ಲೇ ಎರಡು ಪ್ರಶ್ನೆ ಬರೆದುಕೊಂಡು ಹೋಗಿ: ಹುಟ್ಟಿದ್ದು ಎಲ್ಲಿ, ಕೆಲಸಕ್ಕೆ ಎಷ್ಟು ದಿನ ರಜೆ ಹಾಕಬಲ್ಲಿರಿ.