ಸನ್‌ಬೋರ್ಡ್‌ನಲ್ಲಿ ಮಾಡೆಲ್ ಲಾರಿ: ಹಲಗೆಗೆ ಸೈ, ಕ್ಯಾಬಿನ್‌ಗೆ ಯೋಚಿಸಿ

ಬಣ್ಣ ಹಚ್ಚುವವರೆಗೆ ಸನ್‌ಬೋರ್ಡ್‌ನಷ್ಟು ಒಳ್ಳೆಯ ಸಾಮಾನು ಇನ್ನೊಂದಿಲ್ಲ. ಕಟರ್‌ನಲ್ಲಿ ಎರಡು ಸಲ ಎಳೆದು ಬಗ್ಗಿಸಿದರೆ ಟಕ್ಕಂತ ತುಂಡಾಗುತ್ತದೆ. ಒಂದು ಹನಿ ಅಂಟಿಗೆ ಕೂರುತ್ತದೆ. ತೂಕ ಇಲ್ಲವೇ ಇಲ್ಲ. ಬಿಳಿ ಬಿಳಿಯಾಗಿ ನೀಟಾಗಿ ಕಾಣುತ್ತದೆ. ಆಮೇಲೆ ಬಣ್ಣ ಹಚ್ಚುತ್ತೀರಿ. ಆಗ ಅಂಚಿನ ಉದ್ದಕ್ಕೂ ಸಣ್ಣ ಸಣ್ಣ ತೂತು ಎದ್ದು ಕಾಣುತ್ತವೆ. ನನ್ನ ತಕರಾರು ಶುರುವಾಗುವುದು ಅಲ್ಲಿಂದ.

ಸನ್‌ಬೋರ್ಡ್ ಏನು ಅಂತ ಹೇಳುವ ಅಗತ್ಯ ಇಲ್ಲ ಅಂದುಕೊಳ್ಳುತ್ತೇನೆ. ಅಂಗಡಿ ಬೋರ್ಡ್, ಮಕ್ಕಳ ಸ್ಕೂಲ್ ಪ್ರಾಜೆಕ್ಟ್, ಗಣಪತಿ ಮಂಟಪ, ಎಲ್ಲಾ ಕಡೆ ಇದೇ ಬಿಳಿ ಪಿವಿಸಿ ಫೋಮ್ ಶೀಟ್. ನಾನು ಬಳಸುವುದು ಮಾಡೆಲ್ ಲಾರಿ ಕಟ್ಟೋಕೆ. ಕಿಟ್ ತಂದು ಜೋಡಿಸುವುದಲ್ಲ. ನಮ್ಮ ರಸ್ತೆಯಲ್ಲಿ ಓಡುವ ಟಾಟಾ, ಲೇಲ್ಯಾಂಡ್ ಲಾರಿಗಳ ಅಳತೆ ತೆಗೆದು, 1:24ಕ್ಕೆ, ಅಂದರೆ ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿಗೆ ಇಳಿಸಿ, ಷಾಸಿಯಿಂದ ಹಿಡಿದು ಹಿಂದಿನ ಬಾಗಿಲಿನ ಕೊಂಡಿವರೆಗೆ ಎಲ್ಲಾ ಕೈಯಲ್ಲೇ ಮಾಡುವುದು. ಹೊರದೇಶದ ಕಂಪನಿಗಳ ಕಿಟ್‌ಗಳಲ್ಲಿ ಸ್ಕ್ಯಾನಿಯಾ ಸಿಗುತ್ತದೆ, ವೋಲ್ವೋ ಸಿಗುತ್ತದೆ. ತೀರ್ಥಹಳ್ಳಿಯಿಂದ ಅಡಿಕೆ ಮೂಟೆ ಹೊತ್ತು ಶಿವಮೊಗ್ಗ ಎಪಿಎಂಸಿಗೆ ಹೋಗುವ ಲಾರಿ ಸಿಗಲ್ಲ. ಸಿಕ್ಕಿದ್ದರೂ ಆ ಬೆಲೆಗೆ ನಾನು ಕೊಳ್ಳುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

1:24 ಅಳತೆ ನಮ್ಮ ಕಡೆಯ ಲಾರಿಗೆ ಹೇಳಿ ಮಾಡಿಸಿದ ಹಾಗಿದೆ. ಬಾಡಿ ಕಟ್ಟುವ ಮೇಸ್ತ್ರಿಗಳು ಇವತ್ತಿಗೂ ಮಾತಾಡುವುದು ಅಡಿ, ಇಂಚಿನಲ್ಲಿ. ಒಂದು ಅಡಿ ಅಂದರೆ ನನಗೆ ಅರ್ಧ ಇಂಚು. 17 ಅಡಿ ಬಾಡಿ ಅಂದರೆ ಎಂಟೂವರೆ ಇಂಚು. ಆರಿಂಚಿನ ಹಲಗೆ ಕಾಲಿಂಚು. ಕ್ಯಾಲ್ಕುಲೇಟರ್ ಬೇಡವೇ ಬೇಡ. ಕಂಪನಿ ಕಡೆಯ ಅಳತೆಗೆ ಮಾತ್ರ ಬೇಕು. ಟಾಟಾದ 1613/42 ತಗೊಳ್ಳಿ. 16 ಅಂದರೆ ಲೋಡ್ ಸೇರಿ 16 ಟನ್, 13 ಅಂದರೆ 130 ಅಶ್ವಶಕ್ತಿ, 42 ಅಂದರೆ ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ 4.2 ಮೀಟರ್. 24ರಿಂದ ಭಾಗಿಸಿದರೆ 175 ಎಂಎಂ. 10.00-20 ಸೈಜಿನ ಟೈರಿನ ವ್ಯಾಸ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ, ಅಲ್ಲಿಗೆ ಹೆಚ್ಚುಕಡಿಮೆ 44 ಎಂಎಂ. ಟೈರ್ ನಾನು ಹಳೆ ಹವಾಯಿ ಚಪ್ಪಲಿಯಲ್ಲಿ ಕೊರೆಯುತ್ತೇನೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಈಗ ಆ ಅಂಚಿನ ವಿಷಯ. ಸನ್‌ಬೋರ್ಡ್‌ನ ಎರಡೂ ಮುಖ ನುಣುಪು, ಒಳಗೆಲ್ಲ ಗುಳ್ಳೆ. ಕತ್ತರಿಸಿದ ಕಡೆ ಆ ಗುಳ್ಳೆಗಳು ಬಾಯಿ ತೆರೆದುಕೊಂಡಿರುತ್ತವೆ. ಲಾರಿ ಕ್ಯಾಬಿನ್ ಅಂದರೆ ತಗಡು. ತಗಡಿನಲ್ಲಿ ಗುಳ್ಳೆ ಎಲ್ಲಿಂದ ಬರಬೇಕು? ಇನ್ನು ದಪ್ಪದ ಲೆಕ್ಕ ಹಾಕಿ. 3 ಎಂಎಂ ಶೀಟನ್ನು 24ರಿಂದ ಗುಣಿಸಿದರೆ 72 ಎಂಎಂ. ಹತ್ತಿರ ಹತ್ತಿರ ಮೂರಿಂಚು ದಪ್ಪದ ಬಾಗಿಲು! ಡ್ರೈವರ್ ಕಿಟಕಿಗೆ ಮೊಣಕೈ ಊರಿದರೆ ಬ್ಯಾಂಕಿನ ಲಾಕರ್ ಕೋಣೆಯ ಬಾಗಿಲಿಗೆ ಊರಿದ ಹಾಗೆ ಕಾಣುತ್ತದೆ. ದೂರದಿಂದ ಫೋಟೋ ತೆಗೆದರೆ ಗೊತ್ತಾಗಲ್ಲ. ಕೈಯಲ್ಲಿ ಹಿಡಿದು ನೋಡುವವರಿಗೆ ಮೊದಲು ಕಣ್ಣಿಗೆ ಬೀಳುವುದೇ ಅದು.

ಅಂಚು ಮುಚ್ಚುವುದಕ್ಕೆ ದಾರಿ ಇಲ್ಲ ಅಂತಲ್ಲ. ಇನ್‌ಸ್ಟಂಟ್ ಗಮ್ ಸವರಿ, ಮೇಲೆ ಟಾಲ್ಕಂ ಪೌಡರ್ ಉದುರಿಸಿ, ಗಟ್ಟಿಯಾದ ಮೇಲೆ ಉಜ್ಜಬಹುದು. ಡೆಂಟಿಂಗ್ ಅಂಗಡಿಯವರು ಬಳಸುವ ಪುಟ್ಟಿಯನ್ನು ತೆಳ್ಳಗೆ ಎಳೆದು, 400ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪು ಕಾಗದ) ಹಾಕಿ, ಮತ್ತೆ ಎಳೆದು, ಮತ್ತೆ ಪೇಪರ್ ಹಾಕಬಹುದು. ಆದರೆ ಪುಟ್ಟಿ ಗಟ್ಟಿ, ಪಕ್ಕದ ಫೋಮ್ ಮೆತ್ತಗೆ. ಉಜ್ಜುವಾಗ ಫೋಮ್ ಬೇಗ ಸವೆಯುತ್ತದೆ, ಪುಟ್ಟಿ ದಿಣ್ಣೆಯಾಗಿ ಉಳಿಯುತ್ತದೆ. ನಡುವೆ ಉಗುರು ತಾಗಿದರೆ ಅಲ್ಲೊಂದು ಗುಳಿ. ಆ ಗುಳಿಗೆ ಮತ್ತೆ ಪುಟ್ಟಿ. ಒಂದು ಬಾಗಿಲಿಗೆ ಒಂದು ಸಂಜೆ ಹೋಯಿತು ಅಂದುಕೊಳ್ಳಿ. ಹೀಗಾಗಿ ಕ್ಯಾಬಿನ್‌ನ ಹೊರಮೈಗೆ ಈಗ ನಾನು ಸನ್‌ಬೋರ್ಡ್ ಮುಟ್ಟುವುದಿಲ್ಲ. ಅವಧಿ ಮುಗಿದ ಎಟಿಎಂ ಕಾರ್ಡ್ ಹಾಕುತ್ತೇನೆ. ಅದೂ ಪಿವಿಸಿಯೇ, ಆದರೆ ಗುಳ್ಳೆ ಇಲ್ಲದ್ದು, ದಪ್ಪ 0.76 ಎಂಎಂ. ಒಂದು ಕಾರ್ಡಿನಲ್ಲಿ ಒಂದು ಬಾಗಿಲು ಆರಾಮಾಗಿ ಬರುತ್ತದೆ. ಚಿಪ್ ಇರುವ ಕಡೆ ಮಾತ್ರ ಬಿಟ್ಟು ಕತ್ತರಿಸಿ, ಮೇಲಿನ ಉಬ್ಬಿದ ನಂಬರನ್ನು ಉಜ್ಜಿ ತೆಗೆಯಿರಿ. ಕಾರ್ಡ್ ಕೊಡಿ ಅಂತ ನೆಂಟರನ್ನು ಕೇಳುವಾಗ ಮಾತ್ರ ಸ್ವಲ್ಪ ಮುಜುಗರ. ಯಾಕೆ ಬೇಕು ಅಂತ ಅನುಮಾನದಿಂದ ನೋಡುತ್ತಾರೆ.

ಇಷ್ಟು ಬೈದೂ ಇದನ್ನು ಯಾಕೆ ಬಿಟ್ಟಿಲ್ಲ? ಒಂದು ಕಾರಣ ಮಳೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಟ್ಟಿನ ಮಾಡೆಲ್ ಇಟ್ಟು ನೋಡಿ. ಮೊದಲು ಅಂಚು ಸುರುಳುತ್ತದೆ, ಆಮೇಲೆ ಹಸಿರು ಬೂಷ್ಟು. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಉಬ್ಬುತ್ತದೆ. ಪ್ಲೈವುಡ್ ಪರವಾಗಿಲ್ಲ, ಆದರೆ ಅದನ್ನು ಕತ್ತರಿಸುವ ಸದ್ದಿಗೆ ಮನೆಯವರು ರಾತ್ರಿ ಊಟ ಹಾಕಲ್ಲ. ಸನ್‌ಬೋರ್ಡ್ ನೀರು ಕುಡಿಯುವುದಿಲ್ಲ. ಅದರ ಗುಳ್ಳೆಗಳು ಒಂದಕ್ಕೊಂದು ಸೇರಿಕೊಂಡಿಲ್ಲ, ಹಾಗಾಗಿ ತೇವ ಒಳಗೆ ಹರಿಯಲ್ಲ. ನನ್ನ ಮೊದಲ ಲಾರಿಯ ಷಾಸಿ ಹಲವು ಮಳೆಗಾಲ ಕಂಡಿದೆ. ಇವತ್ತಿಗೂ ಗಾಜಿನ ಮೇಲಿಟ್ಟರೆ ಆರೂ ಟೈರ್ ನೆಲ ಮುಟ್ಟುತ್ತವೆ.

ಇನ್ನೊಂದು ಕಾರಣಕ್ಕೇ ನಾನು ಇದನ್ನು ಬರೆಯಲು ಕೂತಿದ್ದು. ಯಾವ ಮೆತ್ತನೆಯ ಮೈ ಕ್ಯಾಬಿನ್‌ನಲ್ಲಿ ಕಾಟ ಕೊಡುತ್ತದೋ, ಹಿಂದಿನ ಬಾಡಿಯಲ್ಲಿ ಅದೇ ಚಿನ್ನ.

ನಮ್ಮ ಲಾರಿ ಅಂದರೆ ಅರ್ಧ ಮರ ಅಲ್ವಾ. ಕಂಪನಿಯವರು ಷಾಸಿ, ಎಂಜಿನ್, ಮುಂದಿನ ಕೌಲ್ (ಮುಂಭಾಗದ ತಗಡು) ಕೊಟ್ಟರೆ ಎಷ್ಟೋ ವರ್ಷ ಕ್ಯಾಬಿನ್ ಕೂಡ ಊರಿನ ಬಾಡಿ ಶೆಡ್ಡಿನಲ್ಲೇ ಏಳುತ್ತಿತ್ತು. ಈಗ ಕ್ಯಾಬಿನ್ ಕಂಪನಿಯದ್ದೇ ಜಾಸ್ತಿ. 2025ರ ಅಕ್ಟೋಬರ್‌ನಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಎಸಿ ಕೂಡ ಕಡ್ಡಾಯ. ಹಿಂದಿನ ಬಾಡಿಯಲ್ಲಿ ಮಾತ್ರ ಹಲಗೆ, ಕಬ್ಬಿಣದ ಪಟ್ಟಿ, ಬೋಲ್ಟು ಇನ್ನೂ ಉಳಿದಿವೆ. ಆ ಹಲಗೆಯನ್ನು ಸನ್‌ಬೋರ್ಡ್‌ನಲ್ಲಿ ತರುವುದು ಎಷ್ಟು ಸುಲಭ ಅಂದರೆ, ನಿಜವಾದ ಮರ ಯಾಕೆ ಬಳಸಬೇಕು ಅನ್ನಿಸಿಬಿಡುತ್ತದೆ. ನಿಜವಾದ ಮರದ ಎಳೆ 1:24ರಲ್ಲಿ ತುಂಬಾ ದೊಡ್ಡದಾಗಿ ಕಾಣುತ್ತದೆ. ಇಲ್ಲಿ ಎಳೆಯನ್ನು ನಾವೇ ಬೇಕಾದಷ್ಟು ಸಣ್ಣಗೆ ಬರೆಯಬಹುದು.

ಪಕ್ಕದ ಹಲಗೆಗೆ 2 ಎಂಎಂ ಶೀಟ್ ತಗೊಳ್ಳಿ, 3 ಎಂಎಂ ಅನ್ನು ತಳಕ್ಕೆ, ಅಡ್ಡ ತೊಲೆಗೆ ಇಟ್ಟುಕೊಳ್ಳಿ. ಸ್ಟೀಲ್ ಸ್ಕೇಲ್ ಇಟ್ಟು, ಇಂಕ್ ಖಾಲಿಯಾದ ಬಾಲ್‌ಪೆನ್‌ನಲ್ಲಿ ಕಾಲಿಂಚಿಗೊಂದು ಗೆರೆ ಒತ್ತಿ ಎಳೆಯಿರಿ. ಅದು ಎರಡು ಹಲಗೆಯ ಸಂದು. ಈಗ ಮುರಿದ ಹ್ಯಾಕ್ಸಾ ಬ್ಲೇಡಿನ ಹಲ್ಲನ್ನು ಹಲಗೆಯ ಉದ್ದಕ್ಕೆ ಹಗುರವಾಗಿ ಎಳೆಯಿರಿ. ಮೇಲಿನ ನುಣುಪು ಪದರ ಸೀಳಿ ಎಳೆ ಎಳೆಯಾಗಿ ಏಳುತ್ತದೆ. ಸ್ಪಾರ್ಕ್ ಪ್ಲಗ್ ಉಜ್ಜುವ ತಂತಿ ಬ್ರಷ್ಷಿನಲ್ಲಿ ಒಂದು ಸಲ ಅದೇ ದಿಕ್ಕಿಗೆ ಎಳೆದರೆ ಎಳೆ ಇನ್ನೂ ಸಣ್ಣದಾಗುತ್ತದೆ. ಎದ್ದ ಜುಂಗನ್ನು ವಾಟರ್ ಪೇಪರ್‌ನಲ್ಲಿ ಒಮ್ಮೆ ಸವರಿ ತೆಗೆಯಿರಿ. ಅಲ್ಲೊಂದು ಇಲ್ಲೊಂದು ಕಡೆ ಪೆನ್ನಿನ ತುದಿ ಒತ್ತಿ ಸುತ್ತ ಎರಡು ಬಾಗಿದ ಗೆರೆ ಹಾಕಿದರೆ ಗಂಟು. ಮೇಲೆ ತಿಳಿ ಮಣ್ಣಿನ ಬಣ್ಣದ ಅಕ್ರಿಲಿಕ್. ಅದು ಒಣಗಿದ ಮೇಲೆ ನೀರು ನೀರಾದ ಕಪ್ಪು-ಕಂದು ಹಚ್ಚಿ ಬಟ್ಟೆಯಲ್ಲಿ ಒರೆಸಿ. ಸಂದಿಯಲ್ಲಿ ಕಪ್ಪು ಉಳಿಯುತ್ತದೆ, ಹಲಗೆ ಎದ್ದು ನಿಲ್ಲುತ್ತದೆ. ಕತ್ತರಿಸಿದ ಅಂಚಿನ ಗುಳ್ಳೆ? ಹಲಗೆಯ ತುದಿಯಲ್ಲಿ ಅದು ಕೊಯ್ದ ಮರದ ತುದಿಯಂತೆಯೇ ಕಾಣುತ್ತದೆ. ಪುಟ್ಟಿ ಬೇಡ, ಏನೂ ಬೇಡ.

ಬೋಲ್ಟ್ ತಲೆಗೆ ಗುಂಡುಪಿನ್ನು. ಸನ್‌ಬೋರ್ಡ್‌ಗೆ ಡ್ರಿಲ್ ಬೇಕಾಗಿಲ್ಲ, ಪಿನ್ನನ್ನು ಬೆರಳಲ್ಲೇ ಒತ್ತಿದರೆ ಒಳಗೆ ಹೋಗಿ ಹಿಡಿದುಕೊಳ್ಳುತ್ತದೆ. ಕಬ್ಬಿಣದ ಪಟ್ಟಿಗೆ ತಂಪು ಪಾನೀಯದ ಕ್ಯಾನ್ ಕತ್ತರಿಸಿದ ತಗಡು. ರಾತ್ರಿ ಊಟ ಮುಗಿದು ಟೇಬಲ್ ಒರೆಸಿದ ಮೇಲೆ ನನ್ನ ಕೆಲಸ ಶುರು. ಹಳೆ ಕ್ಯಾಲೆಂಡರ್ ಹಾಳೆ ಹಾಸುತ್ತೇನೆ. ಕಟರ್‌ನ ತುದಿ ಮುರಿದು ಹೊಸ ಅಂಚು ತೆಗೆಯುತ್ತೇನೆ. ಇದನ್ನು ಜಿಪುಣತನ ಮಾಡಬೇಡಿ, ಮೊಂಡು ಬ್ಲೇಡ್ ಫೋಮನ್ನು ಕೊಯ್ಯಲ್ಲ, ಹರಿಯುತ್ತದೆ. ಆಮೇಲೆ ಪಿನ್ನುಗಳನ್ನು ಚಿಕ್ಕದಾಗಿ ಕತ್ತರಿಸಿ ಕಾಫಿ ಲೋಟದ ಮುಚ್ಚಳದಲ್ಲಿ ಸಾಲಾಗಿ ಇಡುತ್ತೇನೆ. ಪಟ್ಟಿ ಕೂರಿಸಿ ಒಂದೊಂದೇ ಪಿನ್ನು ಒತ್ತುತ್ತಾ ಹೋಗುವುದು. ಹೊರಗೆ ಮಳೆ ಹೊಡೆಯುತ್ತಿದ್ದರೆ ಕರೆಂಟ್ ಹೋಗಿರುತ್ತದೆ, ತಲೆಗೆ ಕಟ್ಟುವ ಟಾರ್ಚ್ ಸಾಕು. ಆಫೀಸಿನ ಯಾವ ಫೈಲೂ ಆ ಹೊತ್ತಿನಲ್ಲಿ ನೆನಪಾಗುವುದಿಲ್ಲ.

ಒಮ್ಮೆ ಶಿವಮೊಗ್ಗದ ಸಾಗರ ರಸ್ತೆ ಕಡೆ ಬಾಡಿ ಕಟ್ಟುವ ಮೇಸ್ತ್ರಿಯೊಬ್ಬರಿಗೆ ಲಾರಿ ತೋರಿಸಿದೆ. ಅಳತೆ ಕೇಳಲು ಅವರ ಶೆಡ್ಡಿಗೆ ಹೋಗಿ ಬಂದು ಪರಿಚಯ. ಕನ್ನಡಕ ಏರಿಸಿ, ಹಿಂದಿನ ಬಾಗಿಲನ್ನು ಹೆಬ್ಬೆರಳಲ್ಲಿ ಸವರಿ ನೋಡಿದರು.

“ಹಲಗೆ ಹೊಸದು, ಬೋಲ್ಟು ತುಕ್ಕು ಹಿಡಿದದೆ. ಇದು ಹೆಂಗೆ ಸಾರ್?”

“ಹಳೆ ಬಾಡಿಯಿಂದ ಬಿಚ್ಚಿದ ಬೋಲ್ಟು ಮೇಸ್ತ್ರಿ.”

“ಹಂಗೂ ಮಾಡ್ತೀವಿ ಬಿಡಿ,” ಅಂತ ನಕ್ಕು, ಮೂಲೆ ಪಟ್ಟಿಗೆ ಇನ್ನೂ ಒಂದು ಬೋಲ್ಟು ಬೇಕು ಅಂದರು. ಹಾಕಿದ್ದೇನೆ. ಅದು ಮರವಲ್ಲ ಅಂತ ನಾನು ಹೇಳಲಿಲ್ಲ, ಅವರು ಕೇಳಲೂ ಇಲ್ಲ.

ಬಿಸಿಗೆ ಇದು ಬಗ್ಗುತ್ತದೆ. ಪಿವಿಸಿ 80 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಕುದಿಯುವ ನೀರಿನಲ್ಲಿ ಕಿರಿದಾದ ಪಟ್ಟಿಯನ್ನು ಅದ್ದಿ, ಸ್ಟೀಲ್ ಲೋಟಕ್ಕೆ ಸುತ್ತಿ ತಣ್ಣೀರಿಗೆ ಹಾಕಿದರೆ ಮಡ್‌ಗಾರ್ಡ್ ಸಿದ್ಧ. ಮಡ್‌ಗಾರ್ಡ್‌ಗೆ ಇದಕ್ಕಿಂತ ಸುಲಭ ದಾರಿ ನನಗೆ ಸಿಕ್ಕಿಲ್ಲ. ಇದೇ ಗುಣ ತೊಂದರೆಯೂ ಹೌದು. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾಡೆಲ್ ಬಿಟ್ಟು ಹೋಗಬೇಡಿ.

ಜುಲೈನಲ್ಲಿ ಅಂಟಿನದ್ದೇ ಬೇರೆ ಆಟ. ಇನ್‌ಸ್ಟಂಟ್ ಗಮ್ ಗಟ್ಟಿಯಾಗುವುದೇ ತೇವದಿಂದ. ಗಾಳಿಯಲ್ಲೇ ನೀರಿರುವ ನಮ್ಮೂರಲ್ಲಿ ತುಂಡನ್ನು ಸರಿಯಾಗಿ ಕೂರಿಸುವುದರೊಳಗೆ ಹಿಡಿದುಬಿಡುತ್ತದೆ. ಸುತ್ತ ಬಿಳಿ ಮಂಜಿನಂಥ ಕಲೆ ಬೇರೆ. ಅಂಟಿನ ಆವಿ ತೇವದ ಜೊತೆ ಸೇರಿ ಅಲ್ಲೇ ಕೂರುವುದರಿಂದ ಹಾಗಾಗುತ್ತದೆ. ಕಮ್ಮಿ ಅಂಟು ಹಾಕಿ, ಫ್ಯಾನ್ ಹಚ್ಚಿದರೆ ಕಲೆ ಕಮ್ಮಿ. ಮಳೆಗಾಲದಲ್ಲಿ ಸ್ಪ್ರೇ ಪೇಂಟ್ ಬಿಟ್ಟು ಬ್ರಷ್ಷಿಗೆ ಹೋಗಿ, ಸ್ಪ್ರೇ ಹೊಡೆದರೆ ಬಣ್ಣದ ಮೇಲೂ ಬಿಳಿ ಪೊರೆ ಬರುತ್ತದೆ. ಪೈಪಿಗೆ ಹಾಕುವ ಸಲ್ಯೂಷನ್ ಗಟ್ಟಿಯಾಗಿ ಕೂರಿಸುತ್ತದೆ ನಿಜ, ತೆಳು ತುಂಡಿನ ಮೈಯನ್ನೂ ಕರಗಿಸುತ್ತದೆ. ನನಗೆ ಬೇಡ.

ದುಡ್ಡಿನ ವಿಷಯ. ಪೂರ್ತಿ ಶೀಟ್ ಎಂಟಡಿಗೆ ನಾಲ್ಕಡಿ. ಅದನ್ನು ತೀರ್ಥಹಳ್ಳಿ ಬಸ್ಸಿಗೆ ಹತ್ತಿಸಲು ಹೋದರೆ ಕಂಡಕ್ಟರ್ ಮುಖ ನೋಡಬೇಕು. ಅಷ್ಟೊಂದು ಬೇಕಾಗಿಯೂ ಇಲ್ಲ. ಶಿವಮೊಗ್ಗದಲ್ಲಿ ಫ್ಲೆಕ್ಸ್, ಸ್ಟಿಕ್ಕರ್ ಅಂಗಡಿಗಳಲ್ಲಿ ಅಕ್ಷರ ಕೊರೆದು ಉಳಿದ ತುಂಡು ಮೂಲೆಯಲ್ಲಿ ಬಿದ್ದಿರುತ್ತವೆ. ದುರ್ಗಿಗುಡಿ ಕಡೆ ನನಗೊಬ್ಬರು ಖಾಯಂ ಇದ್ದಾರೆ. ನೂರು ರೂಪಾಯಿಗೆ ಒಂದು ಚೀಲ ತುಂಬಿಸಿ ಕೊಡುತ್ತಾರೆ, ಒಂದು ಲಾರಿಗೆ ಧಾರಾಳ. ಕೆಲವು ತುಂಡಿನ ಮೇಲೆ ಯಾರದೋ ಮದುವೆಯ ಸ್ವಾಗತ ಬೋರ್ಡಿನ ಸ್ಟಿಕ್ಕರ್ ಇರುತ್ತದೆ. ಹೇರ್ ಡ್ರೈಯರ್‌ನಲ್ಲಿ ಸ್ವಲ್ಪವೇ ಬಿಸಿ ಮಾಡಿ ಕಿತ್ತರೆ ಬರುತ್ತದೆ. ತಗೊಳ್ಳುವಾಗ ಮಾತ್ರ ಉಗುರಿನಲ್ಲಿ ಒತ್ತಿ ನೋಡಿ. ಸುಮ್ನೆ ಗುಳಿ ಬೀಳುವ ಶೀಟ್ ಬೇಡ. ಒಂದೇ ದಪ್ಪದ ಎರಡು ತುಂಡು ಕೈಯಲ್ಲಿ ಹಿಡಿದರೆ ಭಾರದ್ದೇ ಒಳ್ಳೆಯದು, ಅದರಲ್ಲಿ ಗುಳ್ಳೆ ಸಣ್ಣದು.

ಉಜ್ಜುವಾಗ ಮಾಸ್ಕ್ ಹಾಕಿ. ಆ ಬಿಳಿ ಪುಡಿ ಹಗುರ, ಕೈಗೆ ಬಟ್ಟೆಗೆ ಅಂಟಿಕೊಂಡು ಮನೆ ತುಂಬಾ ಓಡಾಡುತ್ತದೆ, ಬೈಗುಳ ಗ್ಯಾರಂಟಿ. ಉಳಿದ ಚೂರುಗಳನ್ನು ಬಚ್ಚಲೊಲೆಗೆ ಮಾತ್ರ ಹಾಕಬೇಡಿ. ಅಡಿಕೆ ಸಿಪ್ಪೆ ಉರಿಸುವ ಒಲೆಗೆ ಎಲ್ಲವನ್ನೂ ತುರುಕುವ ಅಭ್ಯಾಸ ನಮ್ಮ ಕಡೆ ಇದೆ. ಪಿವಿಸಿ ಸುಟ್ಟರೆ ಬರುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ, ಕಣ್ಣು ಗಂಟಲು ಎರಡೂ ಉರಿಯುತ್ತವೆ. ಬೆರಳಿನಷ್ಟು ದೊಡ್ಡ ಚೂರು ನಾನು ಎಸೆಯುವುದಿಲ್ಲ, ಸ್ಟೆಪ್ನಿ ಕೂರಿಸುವ ಬ್ರಾಕೆಟ್‌ಗೆ, ಟೂಲ್ ಬಾಕ್ಸ್‌ಗೆ ಆಗುತ್ತದೆ. ಅದಕ್ಕಿಂತ ಸಣ್ಣದು ಪ್ಲಾಸ್ಟಿಕ್ ಕಸದ ಜೊತೆ ಪಂಚಾಯಿತಿ ಗಾಡಿಗೆ.