ಕಿಡ್ನಿ ತೊಂದರೆ ಇರುವ ಬೆಕ್ಕಿಗೆ ಅಂಗಡಿಯವರು ಕೊಡುವ ‘ಬದಲಿ’ ತರಬೇಡಿ

ನಿಮ್ಮ ಬೆಕ್ಕಿಗೆ ಕಿಡ್ನಿ ತೊಂದರೆ ಇದೆ, ರಕ್ತದಲ್ಲಿ ಫಾಸ್ಫರಸ್ ಜಾಸ್ತಿ ಆಗಿದೆ ಅಂತ ಡಾಕ್ಟರ್ ಹೇಳಿದ್ದಾರಾ? ಹಾಗಿದ್ದರೆ ಚೀಟಿಯಲ್ಲಿ ಬರೆದದ್ದು ಸ್ಟಾಕ್ ಇಲ್ಲ ಅಂತ ಪೆಟ್ ಶಾಪ್‌ನವರು ಕೈಗಿಡುವ ‘ಬದಲಿ’ಯನ್ನು ದಯವಿಟ್ಟು ಮನೆಗೆ ತರಬೇಡಿ. ನಮ್ಮ ಮನೆಗೆ ಒಂದೇ ದಿನ ಎರಡು ಬದಲಿ ಬಂದವು. ಎರಡೂ ಉಲ್ಟಾ ಹೊಡೆದವು.

ನಮ್ಮ ಚಿಂಟಿಗೆ ಹನ್ನೆರಡು ವರ್ಷ. ನೀರು ಕುಡಿಯುವುದು ಜಾಸ್ತಿ ಆಗಿತ್ತು. ಲಿಟರ್ ಟ್ರೇ ಕ್ಲೀನ್ ಮಾಡುವಾಗ ಮೂತ್ರದ ಉಂಡೆಗಳು ಮೊದಲಿಗಿಂತ ದೊಡ್ಡದಾಗಿ ಸಿಗುತ್ತಿದ್ದವು. ಬೆನ್ನು ಸವರಿದರೆ ಮೂಳೆ ಕೈಗೆ ಹತ್ತುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕಸ) 2.4, ಫಾಸ್ಫರಸ್ 5.3 ಬಂತು, ಎರಡೂ ಮಿ.ಗ್ರಾಂ/ಡೆ.ಲೀ. ಲೆಕ್ಕದಲ್ಲಿ. ಬೆಕ್ಕುಗಳ ಕಿಡ್ನಿ ಕಾಯಿಲೆಯನ್ನು ಹಂತಗಳಾಗಿ ವಿಂಗಡಿಸುವ ಐರಿಸ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ ಇದೆ. ಅದರ ಲೆಕ್ಕದಲ್ಲಿ ಕ್ರಿಯಾಟಿನಿನ್ 1.6ರಿಂದ 2.8ರವರೆಗೆ ಎರಡನೇ ಹಂತ, ಆ ಹಂತದಲ್ಲಿ ಫಾಸ್ಫರಸ್ 4.6ರ ಒಳಗಿರಬೇಕು. ಗಾಬರಿ ಬೇಡ, ಊಟದಲ್ಲಿ ಹಿಡಿತ ಇಟ್ಟರೆ ವರ್ಷಗಟ್ಟಲೆ ಚೆನ್ನಾಗಿರುತ್ತಾಳೆ ಅಂದರು ಡಾಕ್ಟರ್. ಚೀಟಿಯಲ್ಲಿ ಎರಡೇ ಐಟಂ. ಒಂದು ರೀನಲ್ ಡಯಟ್, ಅಂದರೆ ಕಿಡ್ನಿ ಬೆಕ್ಕುಗಳಿಗೆ ಅಂತಲೇ ಫಾಸ್ಫರಸ್ ಇಳಿಸಿ ಮಾಡಿದ ಊಟ, ಇನ್ನೊಂದು ಊಟಕ್ಕೆ ಬೆರೆಸುವ ಫಾಸ್ಫೇಟ್ ಬೈಂಡರ್.

ಅಪ್ಪ ಚೀಟಿ ಹಿಡಿದು ಅಂಗಡಿಗೆ ಹೋದರು. ದೊಡ್ಡ ಅಂಗಡಿಯೇ, ಎಸಿ ಎಲ್ಲ ಇದೆ. ರೀನಲ್ ಸ್ಟಾಕ್ ಇರಲಿಲ್ಲ. ‘ಯೂರಿನರಿ ಇದೆ ಸಾರ್, ಕಿಡ್ನಿ ಅಂದ್ರೂ ಮೂತ್ರ ಅಂದ್ರೂ ಒಂದೇ ಅಲ್ವಾ’ ಅಂತ ಯೂರಿನರಿ ಪ್ಯಾಕೆಟ್ ಕೊಟ್ಟರು. ಬೈಂಡರ್ ಕೂಡ ಇರಲಿಲ್ಲ. ಚೀಟಿಯಲ್ಲಿ ಫಾಸ್ಫೇಟ್ ಅನ್ನುವ ಪದ ನೋಡಿ ಒಂದು ಸಿರಪ್ ಬಾಟಲಿ ತೆಗೆದರು. ‘ಇದರಲ್ಲಿ ಫಾಸ್ಫರಸ್ ಇದೆ ಸಾರ್, ಕ್ಯಾಲ್ಸಿಯಂ ಕೂಡ ಇದೆ, ವಯಸ್ಸಾದ ಬೆಕ್ಕಿಗೆ ಒಳ್ಳೆ ಶಕ್ತಿ ಬರುತ್ತೆ.’ ಇದು ಕಿಡ್ನಿಗೆ ತಾನೇ ಅಂತ ಅಪ್ಪ ಕೇಳಿದ್ದಕ್ಕೆ ‘ಡಾಕ್ಟರ್ ಬರೆದಿದ್ದು ಇದನ್ನೇ’ ಅಂದರಂತೆ.

ಫಾಸ್ಫೇಟ್ ಬೈಂಡರ್ ಅಂದರೆ ಊಟದಲ್ಲಿರುವ ಫಾಸ್ಫರಸ್ಸನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು ಮಲದ ಜೊತೆ ಹೊರಗೆ ಹಾಕುವ ಔಷಧಿ. ರಕ್ತಕ್ಕೆ ಸೇರದಂತೆ ತಡೆಯುವುದೇ ಅದರ ಕೆಲಸ. ಅಂಗಡಿಯಲ್ಲಿ ಕೊಟ್ಟಿದ್ದು ಫಾಸ್ಫರಸ್ಸನ್ನೇ ಕುಡಿಸುವ ಟಾನಿಕ್!

ಮುಂದಿನ ಪರೀಕ್ಷೆಯಲ್ಲಿ ಫಾಸ್ಫರಸ್ 7.4. ಚಿಂಟಿ ಊಟದ ಬಟ್ಟಲ ಹತ್ತಿರ ಬಂದು, ಮೂಸಿ, ತುಟಿ ನೆಕ್ಕಿಕೊಂಡು ವಾಪಸ್ ಹೋಗುತ್ತಿದ್ದಳು. ಅದು ಹೊಟ್ಟೆ ತೊಳಸುವ ಲಕ್ಷಣ. ಬೆಕ್ಕಿನ ಬಾಯಿಗೆ ಹೋಗುವ ಪ್ರತಿಯೊಂದನ್ನೂ ತನ್ನಿ ಅಂದರು ಡಾಕ್ಟರ್. ಟೇಬಲ್ ಮೇಲೆ ಇಟ್ಟೆವು. ಬಾಟಲಿಯನ್ನು ತಿರುಗಿಸಿ ಹಿಂದಿನ ಲೇಬಲ್ ಓದಿದರು. ಪ್ರತಿ 5 ಮಿ.ಲೀ.ಗೆ ಕ್ಯಾಲ್ಸಿಯಂ, ಅದರ ಕೆಳಗೇ ಫಾಸ್ಫರಸ್, ಆಮೇಲೆ ವಿಟಮಿನ್ ಡಿ3, ಬಿ12. ಮುಂದಿನ ಲೇಬಲ್ ಮೇಲೆ ಮಾತ್ರ ದಪ್ಪ ಅಕ್ಷರದಲ್ಲಿ ಕ್ಯಾಲ್ಸಿಯಂ ಅಂತ ಒಂದೇ ಹೆಸರು. ಡಿ3 ಇನ್ನೊಂದು ತಲೆನೋವು. ಕರುಳು ಕ್ಯಾಲ್ಸಿಯಂ, ಫಾಸ್ಫರಸ್ ಎರಡನ್ನೂ ಜಾಸ್ತಿ ಎಳೆದುಕೊಳ್ಳುವ ಹಾಗೆ ಅದು ಮಾಡುತ್ತದೆ. ಎರಡೂ ರಕ್ತದಲ್ಲಿ ಏರಿದರೆ ಕಿಡ್ನಿಯಲ್ಲೇ ಗಟ್ಟಿಯಾಗಿ ಕೂರುವ ಅಪಾಯ ಇದೆ.

ಕ್ಯಾಲ್ಸಿಯಂ ಫಾಸ್ಫರಸ್ಸನ್ನು ಹಿಡಿಯುತ್ತದೆ ಅಲ್ವಾ ಅಂತ ಯಾರಾದರೂ ವಾದ ಮಾಡಬಹುದು. ನಮ್ಮ ಅಂಗಡಿಯವರೂ ಆಮೇಲೆ ಇದೇ ವಾದ ಹೂಡಿದರು. ಹೌದು, ಕ್ಯಾಲ್ಸಿಯಂ ಕಾರ್ಬೋನೇಟನ್ನು ಬೈಂಡರ್ ಆಗಿ ಬಳಸುತ್ತಾರೆ. ಆದರೆ ಅದರಲ್ಲಿ ಫಾಸ್ಫರಸ್ ಇರುವುದಿಲ್ಲ. ಅದನ್ನೂ ರಕ್ತದ ಕ್ಯಾಲ್ಸಿಯಂ ನೋಡಿಕೊಂಡೇ ಕೊಡಬೇಕು. ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಲ್ಯಾಂಥನಂ ಕಾರ್ಬೋನೇಟ್ ಕೂಡ ಇವೆ. ಯಾವುದು, ಎಷ್ಟು ಅನ್ನುವುದನ್ನು ಡಾಕ್ಟರ್ ಹೇಳಬೇಕು. ಯಾವುದಾದರೂ ಊಟದ ಜೊತೆಗೇ ಹೋಗಬೇಕು, ಖಾಲಿ ಹೊಟ್ಟೆಗೆ ಕೊಟ್ಟರೆ ಹಿಡಿಯಲು ಅಲ್ಲಿ ಏನೂ ಇರುವುದಿಲ್ಲ. ಮೆಡಿಕಲ್ ಸ್ಟೋರ್‌ನಿಂದ ಮನುಷ್ಯರ ಗ್ಯಾಸ್ಟ್ರಿಕ್ ಜೆಲ್ ತಂದು ಹಾಕುವವರನ್ನೂ ನೋಡಿದ್ದೇನೆ. ಅದರಲ್ಲಿ ಮೆಗ್ನೀಷಿಯಂ, ಪುದೀನ ಫ್ಲೇವರ್, ಸಿಹಿ ಎಲ್ಲ ಸೇರಿರುತ್ತದೆ. ಬೇಡ.

ಇನ್ನು ಆ ಯೂರಿನರಿ ಪ್ಯಾಕೆಟ್. ಅದು ಮೂತ್ರದಲ್ಲಿ ಕಲ್ಲು, ಹರಳು ಆಗುವ ಬೆಕ್ಕುಗಳಿಗೆ. ಸ್ಟ್ರುವೈಟ್ ಹರಳು ಕರಗಲಿ ಅಂತ ಮೂತ್ರವನ್ನು ಆಮ್ಲೀಯ ಮಾಡುವ ಹಾಗೆ ತಯಾರಿಸಿರುತ್ತಾರೆ. ಕೆಲವದರಲ್ಲಿ ಬೆಕ್ಕು ನೀರು ಜಾಸ್ತಿ ಕುಡಿಯಲಿ ಅಂತ ಉಪ್ಪೂ ಜಾಸ್ತಿ. ಕಿಡ್ನಿ ಸೋತ ಬೆಕ್ಕಿನ ಮೈಯಲ್ಲಿ ಮೊದಲೇ ಆಮ್ಲ ಸೇರಿಕೊಳ್ಳುವ ಸಮಸ್ಯೆ ಇರುತ್ತದೆ. ಫಾಸ್ಫರಸ್ ಕೂಡ ರೀನಲ್ ಡಯಟ್‌ನಷ್ಟು ಇಳಿಸಿರುವುದಿಲ್ಲ. ಎರಡೂ ಪ್ಯಾಕೆಟ್ ನೋಡಲು ಅಣ್ಣತಮ್ಮಂದಿರ ಹಾಗೇ ಇರುತ್ತವೆ, ಅದೇ ಬೆಕ್ಕಿನ ಫೋಟೋ, ಅದೇ ಬಣ್ಣ. ಹೆಸರು ಓದಿ.

ಫಾಸ್ಫರಸ್ ಬಗ್ಗೆ ಇಷ್ಟು ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂದರೆ, ಅದನ್ನು ಹೊರಗೆ ಹಾಕುವುದು ಮುಖ್ಯವಾಗಿ ಕಿಡ್ನಿಯೇ. ಕಿಡ್ನಿ ಸೋತಾಗ ದೇಹ ಹಾರ್ಮೋನ್‌ಗಳನ್ನು ಜಾಸ್ತಿ ಸುರಿಸಿ ಹೇಗೋ ಸಂಭಾಳಿಸುತ್ತದೆ. ಆ ಹೆಣಗಾಟದಲ್ಲಿ ಮೂಳೆಯೂ ಸವೆಯುತ್ತದೆ, ಕಿಡ್ನಿ ಇನ್ನಷ್ಟು ಹಾಳಾಗುತ್ತದೆ. ಕ್ರಿಯಾಟಿನಿನ್ ಏರಿ ಕಾಣುವಷ್ಟರಲ್ಲಿ ಕಿಡ್ನಿಯ ಸುಮಾರು ಮುಕ್ಕಾಲು ಪಾಲು ಕೆಲಸ ಹೋಗಿರುತ್ತದೆ. ಹಾಗಾಗಿ ಉಳಿದ ಕಾಲು ಪಾಲನ್ನು ಕಾಪಾಡುವುದಷ್ಟೇ ನಮ್ಮ ಕೈಲಿರುವುದು.

ಬೆಕ್ಕು ಆರೋಗ್ಯವಾಗಿದ್ದರೂ ಒಂದು ವಿಷಯ ಗೊತ್ತಿರಲಿ. ಮಾಂಸ, ಮೂಳೆಯಲ್ಲಿ ಸಹಜವಾಗಿರುವ ಫಾಸ್ಫರಸ್ಸೇ ಬೇರೆ, ಫ್ಯಾಕ್ಟರಿಯಲ್ಲಿ ರುಚಿಗೆ, ಗ್ರೇವಿ ಹದಕ್ಕೆ ಅಂತ ಸೇರಿಸುವ ಫಾಸ್ಫೇಟ್ ಉಪ್ಪುಗಳೇ ಬೇರೆ. ಈ ಉಪ್ಪುಗಳು ನೀರಲ್ಲಿ ಸುಲಭವಾಗಿ ಕರಗಿ ಬೇಗ ರಕ್ತಕ್ಕೆ ಸೇರುತ್ತವೆ. ಯುರೋಪಿನಲ್ಲಿ ಆರೋಗ್ಯವಂತ ಬೆಕ್ಕುಗಳಿಗೇ ಇಂಥ ಫಾಸ್ಫೇಟ್ ಜಾಸ್ತಿ ಇರುವ ಊಟ ಕೊಟ್ಟು ನೋಡಿದ್ದಾರೆ. 2018, 2019ರಲ್ಲಿ ಆ ಅಧ್ಯಯನಗಳು ಪ್ರಕಟವಾದವು. ಕೆಲವೇ ವಾರಗಳಲ್ಲಿ ಮೂತ್ರದಲ್ಲಿ ಸಕ್ಕರೆ ಕಾಣಿಸಿತು, ಕಿಡ್ನಿ ಸೋಸುವ ಶಕ್ತಿ ಇಳಿಯಿತು. ಆದರೂ ಸಾಕುಪ್ರಾಣಿಗಳ ಊಟಕ್ಕೆ ಮಾನದಂಡ ಹಾಕುವ ಅಮೆರಿಕದ ಆಫ್ಕೋ ಸಂಸ್ಥೆಯ ಪಟ್ಟಿಯಲ್ಲಿ ದೊಡ್ಡ ಬೆಕ್ಕಿನ ಊಟಕ್ಕೆ ಕನಿಷ್ಠ 0.5% ಫಾಸ್ಫರಸ್ ಅಂತ ಇದೆ, ಗರಿಷ್ಠ ಮಿತಿ ಇಲ್ಲ. ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್’ ಅಂತ ಬರೆದಿದ್ದರೆ ಫಾಸ್ಫರಸ್ ಕಡಿಮೆ ಅಂತ ಅರ್ಥ ಅಲ್ಲ.

ಲೇಬಲ್‌ನಲ್ಲಿ ಸೋಡಿಯಂ ಟ್ರೈಪಾಲಿಫಾಸ್ಫೇಟ್, ಡೈಸೋಡಿಯಂ ಫಾಸ್ಫೇಟ್, ಪೈರೋಫಾಸ್ಫೇಟ್, ಫಾಸ್ಫಾರಿಕ್ ಆಸಿಡ್ ಅಂತ ಕಂಡರೆ ಅದೇ ಇದು. ಕ್ರೀಮ್ ಟ್ರೀಟ್ ಟ್ಯೂಬ್, ಗ್ರೇವಿ ಪೌಚ್ ಎಲ್ಲದರ ಹಿಂಭಾಗವನ್ನೂ ಓದಿ.

ಶೇಕಡಾ ಲೆಕ್ಕದಲ್ಲೂ ಮೋಸ ಹೋಗಬೇಡಿ. ಪೌಚ್ ಮೇಲೆ ಫಾಸ್ಫರಸ್ 0.25% ಅಂತ ಇದ್ದರೆ ಎಷ್ಟು ಕಡಿಮೆ ಅನಿಸುತ್ತದೆ! ಅದರಲ್ಲಿ 80% ನೀರೇ. ನೀರು ತೆಗೆದರೆ ಉಳಿಯುವುದು 20 ಭಾಗ. 0.25ನ್ನು 20ರಿಂದ ಭಾಗಿಸಿ 100ರಿಂದ ಗುಣಿಸಿ, 1.25% ಬರುತ್ತದೆ. ರೀನಲ್ ಡಯಟ್‌ಗಳಲ್ಲಿ ಇದೇ ಲೆಕ್ಕಕ್ಕೆ ಸಾಮಾನ್ಯವಾಗಿ 0.3ರಿಂದ 0.6% ಇರುತ್ತದೆ. ಎಷ್ಟೋ ಪ್ಯಾಕೆಟ್‌ಗಳಲ್ಲಿ ಫಾಸ್ಫರಸ್ ಅಂಕಿಯನ್ನೇ ಹಾಕಿರುವುದಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಿ. ಹೇಳದಿದ್ದರೆ ಆ ಕಂಪನಿಯ ಊಟ ಕಿಡ್ನಿ ಬೆಕ್ಕಿಗೆ ಬೇಡ. ಲೂಸ್ ಆಗಿ ಕೆ.ಜಿ. ಲೆಕ್ಕದಲ್ಲಿ ತೂಗಿ ಕೊಡುವ ಊಟದ ಬಗ್ಗೆ ಹೇಳುವುದೇ ಬೇಡ, ಅದಕ್ಕೆ ಲೇಬಲ್ಲೇ ಇಲ್ಲ.

ಮನೆ ಊಟವೇ ಸೇಫ್ ಅಂತ ಬರೀ ಚಿಕನ್ ಬೇಯಿಸಿ ಹಾಕುವುದೂ ದಾರಿ ಅಲ್ಲ. ಮೂಳೆ ಇಲ್ಲದ ಮಾಂಸದಲ್ಲಿ ಫಾಸ್ಫರಸ್ ಜಾಸ್ತಿ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೊಟ್ಟೆಯ ಹಳದಿಯಲ್ಲಿ 100 ಗ್ರಾಂಗೆ ಸುಮಾರು 390 ಮಿ.ಗ್ರಾಂ ಫಾಸ್ಫರಸ್, ಬಿಳಿಯಲ್ಲಿ ಸುಮಾರು 15. ಆಸೆಗೆ ಏನಾದರೂ ಕೊಡಲೇಬೇಕಿದ್ದರೆ ಬೆಂದ ಬಿಳಿ ಭಾಗದ ಚೂರು ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ. ಒಣಮೀನು ಬೇಡ, ಮುಳ್ಳಿನ ಫಾಸ್ಫರಸ್ ಜೊತೆ ಉಪ್ಪೂ ಸೇರುತ್ತದೆ.

ಇದನ್ನು ಓದಿ ಇವತ್ತೇ ಊಟ ಪೂರ್ತಿ ಬದಲಿಸಿಬಿಡಬೇಡಿ. ಹಠಕ್ಕೆ ಬಿದ್ದು ಬೆಕ್ಕು ಕೆಲವು ದಿನ ಉಪವಾಸ ಇದ್ದರೆ ಲಿವರ್‌ಗೆ ಕೊಬ್ಬು ತುಂಬಿ ಜೀವಕ್ಕೇ ಅಪಾಯ. ಹಳೆಯದರ ಜೊತೆ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸಿ, ವಾರಗಳೇ ಹಿಡಿದರೂ ಪರವಾಗಿಲ್ಲ. ಮರಿಗಳಿಗಂತೂ ರೀನಲ್ ಡಯಟ್ ಹಾಕಬೇಡಿ, ಬೆಳೆಯಲು ಅವಕ್ಕೆ ಫಾಸ್ಫರಸ್ ಬೇಕು.

ನಾವು ಸಿರಪ್ ನಿಲ್ಲಿಸಿ, ರೀನಲ್ ಪೌಚನ್ನು ಆನ್‌ಲೈನ್‌ನಲ್ಲಿ ತರಿಸಿ, ಬೈಂಡರ್ ಶುರು ಮಾಡಿದೆವು. ಡ್ರಿಪ್ಸ್ ಕೂಡ ಹಾಕಿಸಬೇಕಾಯಿತು. ಫಾಸ್ಫರಸ್ ಈಗ 4.9ಕ್ಕೆ ಇಳಿದಿದೆ, ಆದರೆ ಕ್ರಿಯಾಟಿನಿನ್ 3.1ರಲ್ಲೇ ನಿಂತಿದೆ, ಅಂದರೆ ಮೂರನೇ ಹಂತ. ಅಂಗಡಿಯವರು ಬಾಟಲಿ ವಾಪಸ್ ತೆಗೆದುಕೊಳ್ಳಲಿಲ್ಲ, ಸೀಲ್ ಒಡೆದಿದೆಯಂತೆ.

ನಿಮ್ಮ ಮನೆಯಲ್ಲೂ ವಯಸ್ಸಾದ ಬೆಕ್ಕಿಗೆ ಇಂಥ ಸಿರಪ್ ಹಾಕುತ್ತಿದ್ದರೆ ಇವತ್ತೇ ಹಿಂದಿನ ಲೇಬಲ್‌ನ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿ. ಮುಂದಿನ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಒಂದೇ ಸಾಲದು, ಫಾಸ್ಫರಸ್ ಮತ್ತು ಕ್ಯಾಲ್ಸಿಯಂ ಎರಡನ್ನೂ ಬರೆದುಕೊಡಿ ಅಂತ ಕೇಳಿ.