ತೋಟದ ಆಫೀಸಿನ ಲಿಂಕಿಗೆ ಕ್ಯೂ ಟ್ರೀಯೋ, ಕೇಕೋ?

ಆಲ್ದೂರಿನ ಆಚೆಯ ಕಾಫಿ ತೋಟದ ಆಫೀಸನ್ನು ಚಿಕ್ಕಮಗಳೂರು ಪೇಟೆಯ ಆಫೀಸಿಗೆ ಜೋಡಿಸುವ ಇಂಟರ್ನೆಟ್ ಲಿಂಕನ್ನು ಹದ್ದುಬಸ್ತಿನಲ್ಲಿಡಲು ಮೂರು ದಾರಿಗಳನ್ನು ಬಳಸಿ ನೋಡಿದ್ದೇನೆ: ಇಂಟರ್ನೆಟ್ ಸೇವಾದಾರರು ಕೊಟ್ಟ ಪೆಟ್ಟಿಗೆಯೊಳಗಿನ ಕ್ಯೂಒಎಸ್ (ಯಾರ ದತ್ತಾಂಶ ಮೊದಲು ಹೋಗಬೇಕೆಂದು ಆರಿಸುವ ಸೌಲಭ್ಯ), ಮೈಕ್ರೋಟಿಕ್ ಕಂಪನಿಯ ರೌಟರಿನ ಕ್ಯೂ ಟ್ರೀ (ದತ್ತಾಂಶದ ಸಾಲುಗಳನ್ನು ತಾಯಿ-ಮರಿಗಳಾಗಿ ಜೋಡಿಸುವ ವ್ಯವಸ್ಥೆ), ಮತ್ತು ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದ ರೌಟರಿನಲ್ಲಿ ಎಸ್‌ಕ್ಯೂಎಂ ಎಂಬ ಪ್ಯಾಕೇಜಿನ ಮೂಲಕ ಕೇಕ್ ಎಂಬ ಸರದಿ ನಿರ್ವಾಹಕ. ಈಗ ತೋಟದಲ್ಲಿ ಓಡುತ್ತಿರುವುದು ಮೂರನೆಯದು, ಅದನ್ನು ಬದಲಿಸುವ ಯೋಚನೆ ನನಗಿಲ್ಲ.

ಲಿಂಕಿನ ಅಪ್‌ಲೋಡ್ 10 ಎಂಬಿಪಿಎಸ್. ಕೊಯ್ಲಿನ ತಿಂಗಳುಗಳಲ್ಲಿ ಕಣದಲ್ಲಿ ಒಣಗುವ ಕಾಫಿಯನ್ನು ಕಾಯುವ ಕ್ಯಾಮೆರಾಗಳು ರಾತ್ರಿ ಹಗಲೆನ್ನದೆ ರೆಕಾರ್ಡಿಂಗನ್ನು ಕ್ಲೌಡಿಗೆ ಕಳಿಸುತ್ತಿರುತ್ತವೆ. ಅದೇ ಹೊತ್ತಿನಲ್ಲಿ ರೈಟರು ಪೇಟೆ ಆಫೀಸಿನ ಟ್ಯಾಲಿಗೆ ಕೂಲಿ ಲೆಕ್ಕ ಏರಿಸಬೇಕು, ಐಪಿ ಫೋನಿನಲ್ಲಿ ಮಾತನಾಡಬೇಕು. ಈ ವೇಗದಲ್ಲಿ 1500 ಬೈಟಿನ ಒಂದು ಪ್ಯಾಕೆಟ್ (ದತ್ತಾಂಶದ ತುಣುಕು) ಹೊರಡಲು 1.2 ಮಿಲಿಸೆಕೆಂಡ್ ಬೇಕು. ಮುಂದೆ ಕ್ಯಾಮೆರಾಗಳ 400 ಪ್ಯಾಕೆಟ್ ನಿಂತಿದ್ದರೆ ಧ್ವನಿಯ ಪ್ಯಾಕೆಟ್ ಹೆಚ್ಚುಕಡಿಮೆ ಅರ್ಧ ಸೆಕೆಂಡ್ ಕಾಯುತ್ತದೆ, ಮಾತು ತುಂಡು ತುಂಡಾಗುತ್ತದೆ. ಧ್ವನಿಯನ್ನು ದತ್ತಾಂಶವಾಗಿಸುವ ಜಿ.711 ಕೋಡೆಕ್ ಬಳಸುವ ಫೋನು ಸೆಕೆಂಡಿಗೆ 50 ಚಿಕ್ಕ ಪ್ಯಾಕೆಟ್‌ಗಳನ್ನು, ಅಂದರೆ ಸುಮಾರು 80 ಕೆಬಿಪಿಎಸ್ ಮಾತ್ರ ಕಳಿಸುತ್ತದೆ. ಲಿಂಕಿನ ನೂರನೆಯ ಒಂದು ಪಾಲೂ ಅಲ್ಲ. ಅದಕ್ಕೆ ಬೇಕಾದದ್ದು ಅಗಲವಾದ ಲಿಂಕಲ್ಲ, ತಡವಿಲ್ಲದ ಸರದಿ. ಆದ್ದರಿಂದಲೇ ದುಬಾರಿ ಪ್ಲಾನಿಗೆ ಏರುವ ಸಲಹೆಯನ್ನು ನಾನು ಒಪ್ಪಲಿಲ್ಲ.

ಪೆಟ್ಟಿಗೆಯೊಳಗಿನ ಕ್ಯೂಒಎಸ್ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ. ಪ್ರತಿ ಸಾಧನಕ್ಕೂ ಹೈ, ಮೀಡಿಯಂ, ಲೋ ಎಂದು ಆರಿಸಬಹುದು. ಆದರೆ ಲಿಂಕಿನ ವೇಗವನ್ನು ನಮೂದಿಸುವ ಜಾಗವೇ ಇಲ್ಲ. ವೇಗ ತಿಳಿಯದ ಪೆಟ್ಟಿಗೆ ಬಂದದ್ದನ್ನೆಲ್ಲ ಮುಂದಕ್ಕೆ ತಳ್ಳುತ್ತದೆ, ಸಾಲು ಆಚೆಯ ಉಪಕರಣದಲ್ಲಿ ನಿಲ್ಲುತ್ತದೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಲಾರಿಗಳು ಸಿಕ್ಕಿಕೊಂಡಿರುವಾಗ ಕೊಟ್ಟಿಗೆಹಾರದಲ್ಲಿ ಆಂಬುಲೆನ್ಸಿಗೆ ದಾರಿ ಬಿಟ್ಟುಕೊಟ್ಟಂತೆ ಆಗುತ್ತದೆ ಈ ಆದ್ಯತೆ. ಷೇಪಿಂಗ್ ಇಲ್ಲದೆ ಆದ್ಯತೆಗೆ ಅರ್ಥವಿಲ್ಲ: ಲಿಂಕಿಗಿಂತ ತುಸು ಕಡಿಮೆ ವೇಗಕ್ಕೆ ನಮ್ಮ ರೌಟರನ್ನೇ ಕಟ್ಟಿದರೆ ಮಾತ್ರ ಸಾಲು ನಮ್ಮ ಕೈಯಲ್ಲಿ ನಿಲ್ಲುತ್ತದೆ.

ಮೈಕ್ರೋಟಿಕ್ ಆ ಕೆಲಸವನ್ನು ಬಲವಾಗಿ ಮಾಡುತ್ತದೆ. ಅದರ ಕ್ಯೂ ಟ್ರೀಯ ಒಳಗಿರುವುದು ಎಚ್‌ಟಿಬಿ ಎಂಬ ಪಾಲು ಹಂಚುವ ವಿಧಾನ. ತಾಯಿ ಕ್ಯೂಗೆ ಒಟ್ಟು ಮಿತಿ, ಮರಿ ಕ್ಯೂಗಳಿಗೆ ಖಾತರಿಯ ಪಾಲು, ಉಳಿದದ್ದನ್ನು ಹಂಚಲು 1ರಿಂದ 8ರವರೆಗಿನ ಆದ್ಯತೆ. 1 ಎಲ್ಲಕ್ಕಿಂತ ಮೇಲು. ಪ್ಯಾಕೆಟ್‌ಗಳಿಗೆ ಗುರುತು ಹಾಕುವ ನಿಯಮಗಳ ಪಟ್ಟಿಯಾದ ಮ್ಯಾಂಗಲ್‌ನಲ್ಲಿ ಫೋನು, ರಿಮೋಟ್ ಡೆಸ್ಕ್‌ಟಾಪ್, ಕ್ಯಾಮೆರಾಗಳಿಗೆ ಬೇರೆಬೇರೆ ಗುರುತು ಹಾಕಿ, ಆಯಾ ಗುರುತನ್ನು ಆಯಾ ಕ್ಯೂಗೆ ಕಟ್ಟಬೇಕು. ಯಾವ ಸೇವೆಗೆ ಎಷ್ಟು ಎಂಬುದನ್ನು ಕೂದಲೆಳೆಯಷ್ಟು ನಿಖರವಾಗಿ ನಿಗದಿಪಡಿಸಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಸಾಧನವನ್ನು ಈ ಬೆಲೆಯಲ್ಲಿ ನಾನು ಕಂಡಿಲ್ಲ.

ತೊಡಕು ಇರುವುದು ಫಾಸ್ಟ್‌ಟ್ರ್ಯಾಕ್‌ನಲ್ಲಿ. ಮನೆ ಮತ್ತು ಸಣ್ಣ ಆಫೀಸುಗಳ ಮಾದರಿಗಳಲ್ಲಿ ಬರುವ ಮೂಲ ಸಂರಚನೆಯ ಫೈರ್‌ವಾಲ್‌ನಲ್ಲೇ ಈ ನಿಯಮ ಇರುತ್ತದೆ. ಒಮ್ಮೆ ಸ್ಥಾಪನೆಯಾದ ಸಂಪರ್ಕದ ಪ್ಯಾಕೆಟ್‌ಗಳನ್ನು ಅದು ಅಡ್ಡದಾರಿಯಲ್ಲಿ ದಾಟಿಸಿ ಸಿಪಿಯು ಶ್ರಮ ಉಳಿಸುತ್ತದೆ. ಹಾಗೆ ದಾಟುವ ಪ್ಯಾಕೆಟ್‌ಗಳು ಮ್ಯಾಂಗಲನ್ನು ಮುಟ್ಟುವುದಿಲ್ಲ; ಸಿಂಪಲ್ ಕ್ಯೂಗಳನ್ನೂ, ಗ್ಲೋಬಲ್ ಎಂಬ ತಾಯಿಗೆ ಕಟ್ಟಿದ ಕ್ಯೂ ಟ್ರೀಯನ್ನೂ ಮುಟ್ಟುವುದಿಲ್ಲ. ಇದು ದೋಷವಲ್ಲ, ದಾಖಲೆಯಲ್ಲಿಯೇ ಬರೆದಿರುವ ನಡವಳಿಕೆ.

ಕಷ್ಟವೆಂದರೆ ಅದು ಕಣ್ಣಿಗೆ ಬೀಳುವ ರೀತಿ. ಒಂದು ಸಂಪರ್ಕದ ಕೆಲವು ಪ್ಯಾಕೆಟ್‌ಗಳು ಆಗಲೂ ಮಾಮೂಲಿ ದಾರಿಯಲ್ಲೇ ಹೋಗುವುದರಿಂದ ಕ್ಯೂಗಳ ಲೆಕ್ಕ ಸೊನ್ನೆಯಲ್ಲಿ ನಿಲ್ಲುವುದಿಲ್ಲ, ನಿಧಾನವಾಗಿ ಏರುತ್ತಿರುತ್ತದೆ; ನೋಡುವವರಿಗೆ ಎಲ್ಲವೂ ನಡೆಯುತ್ತಿದೆ ಎನಿಸುತ್ತದೆ. ಫೈರ್‌ವಾಲ್ ಪಟ್ಟಿಯ ಮೇಲ್ತುದಿಯಲ್ಲಿ ಫಾಸ್ಟ್‌ಟ್ರ್ಯಾಕ್ ಲೆಕ್ಕ ತೋರಿಸಲೆಂದೇ ತಾನಾಗಿ ಮೂಡುವ ಸಾಲೊಂದಿದೆ. ಕ್ಯಾಮೆರಾ ಅಪ್‌ಲೋಡ್ ನಡೆಯುವಾಗ ಆ ಸಾಲಿನ ಬೈಟುಗಳು ಓಡುತ್ತಿದ್ದು, ಕ್ಯಾಮೆರಾ ಕ್ಯೂನಲ್ಲಿ ಕೆಲವೇ ಕೆಬಿಪಿಎಸ್ ಕಂಡರೆ ಕಾರಣ ಅಲ್ಲಿಯೇ ಇದೆ.

ಗುರುತು ಇಲ್ಲದ ಸಂಪರ್ಕಗಳಿಗೆ ಮಾತ್ರ ಫಾಸ್ಟ್‌ಟ್ರ್ಯಾಕ್ ಇರಲಿ ಎಂದು ನಿಯಮವನ್ನು ತಿದ್ದುವ ಸಲಹೆಯೂ ಇದೆ. ಫೋನಿಗಷ್ಟೇ ಗುರುತು ಹಾಕಿ ಹೀಗೆ ಮಾಡಿದರೆ ಫೋನೇನೋ ಕ್ಯೂಗೆ ಬರುತ್ತದೆ. ಆದರೆ ಅಡ್ಡದಾರಿ ಹಿಡಿದ ಕ್ಯಾಮೆರಾಗಳು ಮಿತಿಯನ್ನು ಮೀರಿ ಲಿಂಕನ್ನು ತುಂಬುತ್ತವೆ, ಸಾಲು ಮತ್ತೆ ಆಚೆಗೆ ಹೋಗುತ್ತದೆ. ಆದ್ದರಿಂದ ನಿಯಮವನ್ನು ಪೂರ್ತಿ ನಿಷ್ಕ್ರಿಯಗೊಳಿಸಿ, ಹಳೆಯ ಸಂಪರ್ಕಗಳನ್ನು ಕಡಿದು ಹೊಸದಾಗಿ ಶುರುಮಾಡಿಸುವುದೇ ಸರಿ. 10 ಎಂಬಿಪಿಎಸ್ ಲಿಂಕಿಗೆ ಸಿಪಿಯು ಹೊರೆ ಲೆಕ್ಕಕ್ಕೇ ಇಲ್ಲ. ನನ್ನ ಅಳುಕು ಬೇರೆ: ನಾನಿಲ್ಲದಾಗ ಯಾರಾದರೂ ರೌಟರನ್ನು ಮೂಲ ಸ್ಥಿತಿಗೆ ಮರಳಿಸಿದರೆ ಆ ನಿಯಮವೂ ಮರಳುತ್ತದೆ, ಹತ್ತಾರು ಮ್ಯಾಂಗಲ್ ಸಾಲುಗಳನ್ನು ಫೋನಿನಲ್ಲಿ ರೈಟರಿಗೆ ಹೇಳಿ ಬರೆಸಲು ಆಗುವುದಿಲ್ಲ.

ಕೇಕ್‌ಗೆ ಆ ಸಾಲುಗಳೇ ಬೇಡ. 2012ರಲ್ಲಿ ಕ್ಯಾಥಲೀನ್ ನಿಕಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಮುಂದಿಟ್ಟ ಕೋಡೆಲ್ ಎಂಬ ವಿಧಾನ, ಸಾಲು ಎಷ್ಟು ಉದ್ದವಿದೆ ಎಂದು ನೋಡದೆ ಪ್ಯಾಕೆಟ್ ಎಷ್ಟು ಹೊತ್ತು ನಿಂತಿತು ಎಂದು ನೋಡುತ್ತದೆ. ಅದೇ ತತ್ವದ ಮೇಲೆ ಬೆಳೆದ ಕೇಕ್ 2018ರಲ್ಲಿ ಲಿನಕ್ಸ್ ಕರ್ನಲ್ 4.19ಕ್ಕೆ ಸೇರಿತು. ಪ್ರತಿ ಹರಿವನ್ನೂ (ಒಂದು ಸಂಪರ್ಕದ ಪ್ಯಾಕೆಟ್‌ಗಳನ್ನು) ಪ್ರತ್ಯೇಕವಾಗಿಟ್ಟು, ಮಿತವಾಗಿ ಕಳಿಸುವ ಹರಿವಿಗೆ ತಾನಾಗಿಯೇ ಮೊದಲ ಸರದಿ ಕೊಡುವುದರಿಂದ ಫೋನಿಗೆ ಗುರುತು ಹಾಕುವ ಅಗತ್ಯ ಬೀಳಲಿಲ್ಲ. ಎಸ್‌ಕ್ಯೂಎಂ ಪುಟದಲ್ಲಿ ಇಂಟರ್‌ಫೇಸ್ ಆರಿಸಿ, ಅಪ್‌ಲೋಡಿಗೆ 9000 ಕೆಬಿಪಿಎಸ್ ಬರೆದೆ. ಕ್ಯಾಮೆರಾಗಳು ಲಿಂಕನ್ನು ತುಂಬಿದಾಗ 400 ಮಿಲಿಸೆಕೆಂಡ್ ದಾಟುತ್ತಿದ್ದ ಪಿಂಗ್ (ಪ್ಯಾಕೆಟ್ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು), ಅದೇ ಹೊರೆಯಲ್ಲಿ 30ರ ಆಸುಪಾಸಿಗೆ ಇಳಿಯಿತು.

ಒಂದು ಕಿವಿಮಾತು: ಸುಧಾರಿತ ಆಯ್ಕೆಗಳಲ್ಲಿ ಹೊರಹೋಗುವ ದಿಕ್ಕಿಗೆ ‘ನ್ಯಾಟ್’ ಮತ್ತು ‘ಡ್ಯುಯಲ್-ಎಸ್‌ಆರ್‌ಸಿಹೋಸ್ಟ್’ ಪದಗಳನ್ನು ಸೇರಿಸಬೇಕು. ರೌಟರು ಒಳಗಿನ ವಿಳಾಸಗಳನ್ನೆಲ್ಲ ಒಂದೇ ಹೊರವಿಳಾಸವಾಗಿ ಬದಲಿಸುವುದರಿಂದ, ‘ನ್ಯಾಟ್’ ಪದ ಇಲ್ಲದಿದ್ದರೆ ಒಳಗಿನ ಸಾಧನಗಳೆಲ್ಲ ಕೇಕ್‌ಗೆ ಒಂದೇ ವಿಳಾಸವಾಗಿ ಕಾಣುತ್ತವೆ. ಎರಡನ್ನೂ ಸೇರಿಸಿದರೆ ಒಂದು ಕ್ಯಾಮೆರಾ ಎಷ್ಟೇ ಸಂಪರ್ಕ ತೆರೆದರೂ ಅದಕ್ಕೆ ಒಂದೇ ಪಾಲು. ಡೌನ್‌ಲೋಡಿಗೆ ಇನ್ನೂ ಸ್ವಲ್ಪ ಕೆಳಗಿನ ಅಂಕಿ ಇರಲಿ. ಫಾಸ್ಟ್‌ಟ್ರ್ಯಾಕ್‌ನಂಥದೇ ಅಡ್ಡದಾರಿಯಾದ ಫ್ಲೋ ಆಫ್‌ಲೋಡಿಂಗನ್ನು ಆನ್ ಮಾಡಬಾರದು.

ಮೈಕ್ರೋಟಿಕ್ ರೌಟರುಗಳ ತಂತ್ರಾಂಶವಾದ ರೌಟರ್‌ಓಎಸ್ 7ರಲ್ಲಿಯೂ ಕೇಕ್ ಇದೆ. ಮೈಕ್ರೋಟಿಕ್ ಕೈಯಲ್ಲಿರುವವರು ಹೊಸದನ್ನು ಕೊಳ್ಳದೆ ಅದನ್ನೇ ಬಳಸಬಹುದು. ನನಗೆ ಎರಡೂ ರೌಟರುಗಳ ಬೆಲೆಯಲ್ಲಿ ಹೇಳುವಂಥ ಅಂತರವಿರಲಿಲ್ಲ. ಎರಡು ಆಫೀಸುಗಳನ್ನು ಒಬ್ಬನೇ ನೋಡಿಕೊಳ್ಳುವ ನಾನು, ಒಂದು ಅಂಕಿಯನ್ನು ಬದಲಿಸಿ ಎಂದು ರೈಟರಿಗೆ ಫೋನಿನಲ್ಲಿ ಹೇಳಿದರೆ ಸಾಕಾಗುವುದನ್ನು ಆರಿಸಿಕೊಂಡೆ.

ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದಾಗ ಲಿಂಕು 4ಜಿ ಡಾಂಗಲಿಗೆ ಹೊರಳುತ್ತದೆ. ಅದರ ವೇಗ ಗಳಿಗೆಗೊಂದು ಬಗೆ. ವೇಗ ಅಳೆದು ಅಂಕಿಯನ್ನು ತಾನೇ ಬದಲಿಸುವ ಕೇಕ್-ಆಟೋರೇಟ್ ಎಂಬ ಸ್ಕ್ರಿಪ್ಟ್ ಇದ್ದರೂ, ನಾನು ಆ ಇಂಟರ್‌ಫೇಸಿನ ಅಪ್‌ಲೋಡನ್ನು 2000 ಕೆಬಿಪಿಎಸ್‌ಗೇ ಕಟ್ಟಿದ್ದೇನೆ. ಕ್ಯಾಮೆರಾ ಚಿತ್ರಗಳು ತಡವಾಗಿ ಏರುತ್ತವೆ; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಣದಲ್ಲಿ ಕಾಫಿ ಇರುವುದಿಲ್ಲವಾದ್ದರಿಂದ ಅದರಿಂದ ತೊಂದರೆಯಿಲ್ಲ.